ನನ್ನ ಗುಜರಿ ತೋಟ

ಲಿಂಗಸುಗೂರಿನ ನಮ್ಮ ಓಣಿಗೆ ಹಳೇ ಕಬ್ಬಿಣ, ಹಳೇ ಪೇಪರು ಕೊಳ್ಳುವ ತಳ್ಳುಗಾಡಿಯವರು ಯಾರೇ ಹೊಸದಾಗಿ ಬರಲಿ, ಮೊದಲು ನಿಲ್ಲುವುದು ನಮ್ಮ ಗೇಟಿನ ಮುಂದೆ. ಕೂಗುವುದನ್ನೂ ಮರೆತು ಒಂದು ನಿಮಿಷ ಒಳಗೆ ನೋಡುತ್ತಾರೆ. ಆಮೇಲೆ ದೊಡ್ಡ ವ್ಯಾಪಾರ ಸಿಕ್ಕ ಖುಷಿಯನ್ನು ಮುಖದಲ್ಲಿ ತೋರಿಸಿಕೊಳ್ಳದೆ ಕೇಳುತ್ತಾರೆ: "ಅಕ್ಕಾರ, ಎಲ್ಲಾ ಒಮ್ಮಿಗೇ ಹಾಕಿಬಿಡ್ತೀರೇನ್ರೀ, ಇಲ್ಲಾ ಸ್ವಲ್ಪ ಸ್ವಲ್ಪ ಒಯ್ಯಲೇನು?"

ಅದು ಮಾರುವ ಸಾಮಾನಲ್ಲ, ನನ್ನ ಹೂದೋಟ ಎಂದು ಹೇಳಿದರೆ ಅವರಿಗೆ ನನ್ನ ಮೇಲೆ ಮರುಕ ಹುಟ್ಟುತ್ತದೆ. ಹುಟ್ಟಲಿ. ನನ್ನ ಕಣ್ಣಿನ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಈ ತಾಲೂಕಿನಲ್ಲಿ ನನ್ನ ತೋಟದಷ್ಟು ಚೆಂದದ ತೋಟ ಇನ್ನೊಂದಿಲ್ಲ ಎಂದು ನಾನು ಯಾರ ಎದುರು ಬೇಕಾದರೂ ಹೇಳಬಲ್ಲೆ, ಹೇಳಿಯೂ ಇದ್ದೇನೆ.

ತೋಟ ಎಂದ ಕೂಡಲೇ ನೀವು ಎಕರೆಗಟ್ಟಲೆ ನೆಲವನ್ನು ಊಹಿಸಿಕೊಳ್ಳಬೇಡಿ. ಮನೆ ಕಟ್ಟಿ ಉಳಿದದ್ದು ಮುಂದುಗಡೆ ಎರಡು ಸೀರೆ ಒಣಹಾಕುವಷ್ಟು ಉದ್ದ, ಪಕ್ಕದಲ್ಲಿ ಎಮ್ಮೆಯೊಂದು ಹೊಕ್ಕರೆ ತಿರುಗಿ ನಿಲ್ಲಲಾಗದಷ್ಟು ಅಗಲ. ಅಷ್ಟರಲ್ಲೇ ಎಲ್ಲವೂ ಇದೆ. ಸಿಂಧನೂರಿನ ಹಳೆಯ ಅಕ್ಕಿ ಗಿರಣಿಯೊಂದರ ಬೆಲ್ಟಿನ ಗಾಲಿ ಕಾಂಪೌಂಡಿಗೆ ಒರಗಿ ನಿಂತಿದೆ, ಅದರ ಕಡ್ಡಿಗಳ ನಡುವೆ ಮಲ್ಲಿಗೆ ಬಳ್ಳಿ ಹೊಕ್ಕು ಹೊರಡುತ್ತದೆ. ಹಟ್ಟಿಯ ಸಂತೆಯಲ್ಲಿ ಸಿಕ್ಕ, ಅಂಚು ಒಡೆದ ಬಿಳಿ ಪಿಂಗಾಣಿ ಬೇಸಿನ್ನಿನಲ್ಲಿ ನೈದಿಲೆ ಇದೆ. ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಸೇವಂತಿಗೆಯ ಸಾಲು. ಮಸ್ಕಿಯಲ್ಲಿ ಯಾರದೋ ಮನೆ ಕೆಡವುವಾಗ ಕೊಂಡು ತಂದ ಸಾಗುವಾನಿಯ ಬಾಗಿಲ ಚೌಕಟ್ಟು ಗೋಡೆಯಿಲ್ಲದೆ ಒಂದೇ ನಿಂತಿದೆ. ಪಕ್ಕದಲ್ಲಿ ಬೇಕಾದಷ್ಟು ದಾರಿಯಿದ್ದರೂ ಬಂದವರೆಲ್ಲ ತಲೆ ಬಗ್ಗಿಸಿ ಅದರೊಳಗಿಂದಲೇ ದಾಟುತ್ತಾರೆ. ಹೀಗೆ ದಾಟುವಾಗ ದೊಡ್ಡ ದೊಡ್ಡ ಸಾಹೇಬರೂ ಒಂದು ಕ್ಷಣ ನೆಂಟರ ಹಾಗೆ ಕಾಣುತ್ತಾರೆ.

ಮನೆಯವರು ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟಿನ ಕೆಲಸದವರು. ಅವರ ಅಭಿಪ್ರಾಯವನ್ನು ನಾನು ಕೇಳಿಲ್ಲ; ಅವರೇ ಒಮ್ಮೆ ಹೇಳಿದರು. "ಎಂಟ ತಾಸು ಅಲ್ಲಿ ಕಬ್ಬಿಣ ನೋಡಿ ನೋಡಿ ಸಾಕಾಗಿ ಮನಿಗೆ ಬರ್ತೀನಿ. ಇಲ್ಲಿ ನೋಡಿದ್ರ ನಮ್ಮ ಗಣಿಗಿಂತ ಜಾಸ್ತಿ ಐತೆಲ್ಲ!" ಹಾಗೆಂದು ಆ ಗಾಲಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾರೆ. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದಿದ್ದೇನೆ.

ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದವರಿಗೆ ನಾನು ಬೇರೆ ಬೇರೆ ಉತ್ತರ ಕೊಡುತ್ತೇನೆ. ನಿಜವಾದ ಉತ್ತರ ನನ್ನ ಮೂರನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿದೆ. ಅದರ ಮೊದಲ ಹಾಳೆಯ ಮೇಲೆ ದುಂಡನೆಯ ಅಕ್ಷರದಲ್ಲಿ 'ಗಿರಿಜಾ' ಎಂದು ಬರೆದಿತ್ತು. ಗಿರಿಜಾ ನಾನಲ್ಲ. ಸಂತೆಕಲ್ಲೂರಿನಲ್ಲಿ ನಮ್ಮವ್ವ ಕೂಲಿಗೆ ಹೋಗುತ್ತಿದ್ದ ಗೌಡರ ಮಗಳು, ನನಗಿಂತ ಒಂದು ಕ್ಲಾಸು ಮುಂದಿದ್ದಳು. ಅವಳ ಪುಸ್ತಕ, ಅವಳ ಪಾಟಿ, ಅವಳ ಲಂಗ, ಮುಚ್ಚಳ ಸಡಿಲಾದ ಅವಳ ಕಂಪಾಸು ಪೆಟ್ಟಿಗೆ ಎಲ್ಲವೂ ವರ್ಷಕ್ಕೊಮ್ಮೆ ನಮ್ಮ ಕೇರಿಗೆ ಇಳಿದು ಬರುತ್ತಿದ್ದವು. ನನಗೆ ಅದರಿಂದ ಬೇಸರವಾಗುತ್ತಿತ್ತು ಎಂದು ಹೇಳಿದರೆ ನೀವು ನಂಬಬಹುದು, ಆದರೆ ಅದು ಸುಳ್ಳು. ನನಗೆ ಕುತೂಹಲ. ಗಿರಿಜಾ ಯಾವ ಹಾಳೆಯಲ್ಲಿ ಕುಂಕುಮ ಚೆಲ್ಲಿದ್ದಾಳೆ, ಎಲ್ಲಿ ನವಿಲುಗರಿ ಮರಿಹಾಕಲೆಂದು ಇಟ್ಟಿದ್ದಾಳೆ, ಯಾವ ಪದ್ಯದ ಪಕ್ಕದಲ್ಲಿ ಯಾರನ್ನು ಬೈದಿದ್ದಾಳೆ ಎಂದು ಹುಡುಕುವುದರಲ್ಲೇ ಮೊದಲ ವಾರ ಕಳೆಯುತ್ತಿತ್ತು. ಅಭ್ಯಾಸದ ಪ್ರಶ್ನೆಗಳಿಗೆ ಅವಳು ಪೆನ್ಸಿಲಿನಲ್ಲಿ ಉತ್ತರ ಬರೆದಿರುತ್ತಿದ್ದಳು. ನಾನು ಕಷ್ಟಪಡದೆ ಅವನ್ನೇ ನಕಲು ಮಾಡಿದೆ. ಗಿರಿಜಾ ಓದಿನಲ್ಲಿ ಅಷ್ಟಕ್ಕಷ್ಟೇ ಎಂಬುದು ಮಾಸ್ತರರು ನನ್ನ ಕಿವಿ ಹಿಂಡಿದ ಮೇಲೆಯೇ ಗೊತ್ತಾದದ್ದು.

ಅವತ್ತಿನಿಂದ ಇವತ್ತಿನವರೆಗೂ ಒಂದು ವಸ್ತುವಿನ ಮೇಲೆ ಇನ್ನೊಬ್ಬರ ಕೈಯ ಗುರುತಿದ್ದರೆ ನನಗೆ ಅದು ಮಾತಾಡಿದ ಹಾಗೆ ಅನ್ನಿಸುತ್ತದೆ. ಈಗ ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಹೊಸದನ್ನು ಕೊಳ್ಳುವ ಶಕ್ತಿ ದೇವರ ದಯೆಯಿಂದಲ್ಲ, ಅವ್ವನ ದಯೆಯಿಂದ ಬಂದಿದೆ. ಆದರೂ ಹೊಸ ಅಂಗಡಿಯ ಮುಂದೆ ನನ್ನ ಕಾಲು ನಿಲ್ಲುವುದಿಲ್ಲ.

ಕಾಲು ನಿಲ್ಲುವುದು ಸಿಂಧನೂರಿನ ಮೆಹಬೂಬ ಸಾಹೇಬರ ಗುಜರಿಯಲ್ಲಿ. ಅವರು ತಕ್ಕಡಿಯ ಪಕ್ಕ ಹಳೇ ಲಾರಿ ಸೀಟಿನ ಮೇಲೆ ಕೂತಿರುತ್ತಾರೆ. ನಾನು ಹೋದ ಕೂಡಲೇ ಎದ್ದು, "ಬರ್ರಿ ಟೀಚರಮ್ಮಾ, ನಿಮ್ಮ ಸಲುವಾಗಿ ಒಂದು ತೆಗೆದಿಟ್ಟೀನಿ" ಎನ್ನುತ್ತಾರೆ. ಅವರು ತೆಗೆದಿಟ್ಟದ್ದನ್ನು ನಾನು ಈವರೆಗೆ ಒಮ್ಮೆಯೂ ತಗೊಂಡಿಲ್ಲ. ಅವರು ತೋರಿಸುವುದು ಯಾವಾಗಲೂ ಹೊಳೆಯುವ ಸಾಮಾನು. ನಾನು ಆರಿಸುವುದು ಅದರ ಕೆಳಗೆ ಬಿದ್ದದ್ದು.

"ಅದ್ಯಾಕ್ರೀ? ಅದಕ್ಕ ಜಂಗ್ ಹಿಡದೈತಿ, ಬಿಲ್ಕುಲ್ ಕೆಲಸಕ್ಕ ಬರಂಗಿಲ್ಲ."

"ಕೆಲಸಕ್ಕ ಬರಲಾರದ್ದಽ ಬೇಕ್ರಿ ನನಗ."

"ನೀವು ಮಕ್ಕಳಿಗೆ ಪಾಠಾನೂ ಹಿಂಗಽ ಹೇಳ್ತೀರೇನು?" ಎಂದು ಅವರು ನಗುತ್ತಾರೆ.

ಗಿರಣಿ ಗಾಲಿಯನ್ನು ತಂದ ದಿನದ ಕಥೆ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಜನರ ಬಾಯಲ್ಲಿದೆಯೋ ಏನೋ. ಇಬ್ಬರು ಹಮಾಲರು ಅದನ್ನು ಉರುಳಿಸಿಕೊಂಡು ಬಂದರು, ನಾನು ಸೀರೆಯ ನೆರಿಗೆ ಎತ್ತಿಕೊಂಡು ಹಿಂದೆ ಓಡಿದೆ. ಕಂಡಕ್ಟರು ಬಸ್ಸಿಗೆ ಅಡ್ಡ ನಿಂತು, "ಮೇಡಮ್ಮಾರ, ಇಂಥಾ ಗಾಲಿ ನಮ್ಮ ಬಸ್ಸಿಗೇ ಇಲ್ಲ" ಎಂದ. ಕೊನೆಗೆ ಅದು ಭತ್ತದ ಹೊಟ್ಟಿನ ಟ್ರ್ಯಾಕ್ಟರಿನಲ್ಲಿ ಬಂತು, ನಾನೂ ಅದರ ಜೊತೆಗೇ ಬಂದೆ. ಲಿಂಗಸುಗೂರಿನಲ್ಲಿ ಇಳಿದ ಮೇಲೆ ನನ್ನ ಕೂದಲಿನಲ್ಲಿದ್ದ ಹೊಟ್ಟು ಹೋಗಲು ಎರಡು ದಿನ ಹಿಡಿಯಿತು.

ಇಷ್ಟೆಲ್ಲ ಸುಖದ ನಡುವೆ ಅವ್ವ ಬಂದಳು.

ಸಂತೆಕಲ್ಲೂರಿನಲ್ಲಿ ನನ್ನ ತಮ್ಮ ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸಲು ಹೊರಟಿದ್ದ. ಅದು ಮುಗಿಯುವವರೆಗೆ ನಮ್ಮಲ್ಲಿರಲಿ ಎಂದು ನಾನೇ ಹಟ ಮಾಡಿ ಕರೆಸಿದೆ. ಅವ್ವ ಒಂದು ಬಟ್ಟೆ ಗಂಟು, ಎರಡು ಗೋಣಿಚೀಲ ತುಂಬಾ ಪಾತ್ರೆಗಳ ಸಮೇತ ಷೇರ್ ಆಟೋದಿಂದ ಇಳಿದಳು. ಗೇಟಿನ ಒಳಗೆ ಕಾಲಿಟ್ಟವಳು ಅಲ್ಲೇ ನಿಂತು ಸುತ್ತ ನೋಡಿದಳು.

"ಮನಿ ಕಟ್ಟಿ ಎರಡು ವರ್ಷಾತು. ಈ ಕಸಾ ತೆಗ್ಯಾಕ ಆಳು ಸಿಗವಲ್ರೇನಽ ಯವ್ವಾ?"

"ಕಸ ಅಲ್ಲ ಬೇ ಅದು. ತೋಟ."

"ಇದು ತೋಟ?" ಅವ್ವ ಬೇಸಿನ್ನಿನ ಒಡೆದ ಅಂಚನ್ನು ಬೆರಳಿನಿಂದ ಮುಟ್ಟಿದಳು. "ಮಂದಿ ಒಗದಿದ್ದನ್ನ ಹೊತ್ಗೊಂಡು ಬರೋದು ನನ್ನ ಕಾಲಕ್ಕ ಮುಗೀಲಿ ಅಂತ ನಿನ್ನ ಸಾಲಿಗೆ ಹಾಕಿದ್ನೆಲ್ಲ. ನೀ ನೋಡಿದ್ರ ರೊಕ್ಕ ಕೊಟ್ಟು ಹೊತ್ಗೊಂಡು ಬರಾಕತ್ತೀದಿ."

ಅವ್ವನ ಗಂಟು ಎತ್ತಿಕೊಂಡು ಒಳಗೆ ನಡೆದೆ. ನೋಡುತ್ತ ನೋಡುತ್ತ ಅವಳಿಗೂ ಚೆಂದ ಕಾಣುತ್ತದೆ, ಕಾಣದಿದ್ದರೆ ನಾನು ಕಾಣಿಸುತ್ತೇನೆ ಎಂದುಕೊಂಡೆ. ಪಾಠ ಹೇಳುವವರಿಗೆ ಇದೊಂದು ರೋಗ.

ಅವ್ವನಿಗೆ ಒಂದೇ ಹೂವಿನ ಮೇಲೆ ಆಸೆ, ಅದು ಕನಕಾಂಬರ. ಮಲ್ಲಿಗೆ ಸಂಜೆಗೆ ಬಾಡುತ್ತದೆ, ಕನಕಾಂಬರ ಮರುದಿನದ ಕೂಲಿಗೂ ತಲೆಯಲ್ಲಿರುತ್ತದೆ ಎನ್ನುವುದು ಅವಳ ಲೆಕ್ಕ. ಅವಳು ಬಂದು ತಿಂಗಳಾಗುವಷ್ಟರಲ್ಲಿ ತಮ್ಮನ ಹೆಂಡತಿಯ ತವರಿನಲ್ಲಿ ತೊಟ್ಟಿಲ ಕಾರ್ಯ ಬಂತು. ಅವ್ವ ಹತ್ತು ದಿನಕ್ಕೆಂದು ಹೋದಳು. ಅವಳು ಬರುವುದರೊಳಗೆ ಅವಳದೇ ವಸ್ತುವೊಂದರಲ್ಲಿ ಕನಕಾಂಬರ ನೆಟ್ಟು, ಬಾಗಿಲ ಎದುರಿಗೇ ಇಟ್ಟು ಬೆರಗುಗೊಳಿಸಬೇಕು ಎಂಬ ಯೋಚನೆ ನನಗೆ ಬಂತು. ಬಂದ ಯೋಚನೆಯನ್ನು ಎರಡನೇ ಸಲ ಯೋಚಿಸುವ ಅಭ್ಯಾಸ ನನಗಿಲ್ಲ.

ಗೋಣಿಚೀಲ ಬಿಚ್ಚಿದೆ. ಅಲ್ಯುಮಿನಿಯಂ ಬೋಗುಣಿ, ಸೊಟ್ಟಾದ ತಾಟು, ಹಿಡಿಕೆ ಹೋದ ತಪೇಲಿ. ತಳದಲ್ಲಿ ಒಂದು ಹಿತ್ತಾಳೆ ಕೊಡ. ಹೊಗೆ ಹಿಡಿದು, ಧೂಳು ಕೂತು, ಕಪ್ಪೋ ಹಸಿರೋ ತಿಳಿಯದ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯ ಮೇಲೆ ಒಂದು ತಗ್ಗು. ಕಂಠದ ಬಾಗು ಮಾತ್ರ ಎಂಥ ಚೆಂದ! ನಾನು ಅದನ್ನು ಮೊದಲು ನೋಡಿದ ನೆನಪಿರಲಿಲ್ಲ. ಐದನೇ ಕ್ಲಾಸಿಗೇ ಹಾಸ್ಟೆಲ್ಲು ಸೇರಿದವಳು ನಾನು. ಆಮೇಲೆ ಮನೆಗೆ ಬಂದ ಸಾಮಾನು ಯಾವುದು, ಹೋದದ್ದು ಯಾವುದು ನನಗೆ ತಿಳಿಯದು. ಉಳಿದೆಲ್ಲದರಂತೆ ಇದೂ ಗೌಡರ ಮನೆಯಿಂದ ಬಂದಿರಬೇಕು ಎಂದುಕೊಂಡೆ. ತೊಳೆಯಲಿಲ್ಲ. ಹಳೇ ಲೋಹದ ಕಪ್ಪು ಉಜ್ಜಿ ತೆಗೆದರೆ ಅದರ ವಯಸ್ಸೇ ಹೋಗುತ್ತದೆ ಎಂಬುದು ನನ್ನ ಸಿದ್ಧಾಂತ. ಹಾಗೇ ಬಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡ್ ರಸ್ತೆಯ ವೆಲ್ಡಿಂಗ್ ಅಂಗಡಿಗೆ ಹೋದೆ.

"ತಳಕ್ಕ ತೂತು ಹಾಕ್ರಿ."

ವೆಲ್ಡಿಂಗಿನವನು ಕೊಡವನ್ನು ತಿರುಗಿಸಿ ನೋಡಿದ. "ಸೋರಂಗಿಲ್ಲಲ್ರಿ ಇದು. ಚಲೋ ಐತಿ."

"ಸೋರಲಿ ಅಂತಽ ಹಾಕ್ರಿ ಅನ್ನಾಕತ್ತೀನಿ." ನೀರು ನಿಂತರೆ ಗಿಡದ ಬೇರು ಹೇಗೆ ಕೊಳೆಯುತ್ತದೆ ಎಂದು ನಾನು ಅವನಿಗೆ ಐದು ನಿಮಿಷ ವಿವರಿಸಿದೆ. ಪಾಠ ಮುಗಿಯಲಿ ಎಂದೇ ಇರಬೇಕು, ಅವನು ಡ್ರಿಲ್ ಮಷಿನ್ ಚಾಲೂ ಮಾಡಿದ. ಸುತ್ತಲೂ ನಾಲ್ಕು, ನಡುವೆ ಒಂದು. ಒಂದೊಂದು ತೂತಿಗೂ ಬಂಗಾರದ ಬಣ್ಣದ ಪುಡಿ ಸುರುಳಿ ಸುರುಳಿಯಾಗಿ ಉದುರಿತು. ಒಳಗೆ ಇಷ್ಟು ಹೊಳಪು ಇದೆಯಲ್ಲ ಎಂದು ಮೆಚ್ಚಿಕೊಂಡೆ. ಆಗಲಾದರೂ ನನಗೆ ಏನಾದರೂ ಹೊಳೆಯಬೇಕಿತ್ತು.

ಅವ್ವ ಬಂದ ಮಧ್ಯಾಹ್ನ ನಾನು ಶಾಲೆಗೆ ರಜೆ ಹಾಕಿದ್ದೆ. ಚಪ್ಪಲಿ ಬಿಡುವ ಮೊದಲೇ ಅವಳ ಕೈ ಹಿಡಿದು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಕೊಡದ ಬಾಯಿಯ ತುಂಬ ಕನಕಾಂಬರ. ನಾಲ್ಕು ತೆನೆ ಅರಳಿಯೂ ಇದ್ದವು.

"ನೋಡು ಬೇ. ಎಲ್ಲಾ ನಿನ್ನ ಸಲುವಾಗಿ."

ಅವ್ವ ಹೂವನ್ನು ನೋಡಲಿಲ್ಲ. ಬಗ್ಗಿ ಕೊಡವನ್ನು ವಾಲಿಸಿದಳು. ತಳದಿಂದ ಕೆಂಪು ನೀರು ತೊಟ್ಟಿಕ್ಕಿತು. ಅಲ್ಲಿಗೇ ಬೆರಳಿಟ್ಟು ಸವರಿ ನೋಡಿದಳು.

"ತೂತು ಹಾಕ್ಸೀಯಾ?"

"ಹಾಕಸಲಿಲ್ಲಂದ್ರ ಬೇರು ಕೊಳೀತಾವ ಬೇ. ಐದು ಹಾಕ್ಸೀನಿ."

"ಐದು," ಎಂದಳು ಅವ್ವ. ಮೆಟ್ಟಿಲ ಮೇಲೆ ಕೂತುಬಿಟ್ಟಳು.

ನನಗೆ ಗಾಬರಿಯಾಯಿತು. "ಗೌಡ್ರ ಮನ್ಯಾಗ ಕೊಟ್ಟ ಹಳೇ ಕೊಡ ಅಲ್ಲೇನ ಬೇ ಅದು?"

"ಗೌಡ್ರ ಮನೀದಾ?" ಅವ್ವ ತಲೆ ಎತ್ತಿದಳು. "ಅದು ನಂದು. ನಾ ತಗೊಂಡಿದ್ದು. ನನ್ನ ಜಲ್ಮದಾಗ ನಾ ಹೊಸಾದು ಅಂತ ತಗೊಂಡಿದ್ದು ಅದೊಂದಽ."

ಆಮೇಲೆ ಅವಳು ಹೇಳಿದ್ದನ್ನು ನಾನು ಇವತ್ತಿಗೂ ಅವಳ ದನಿಯಲ್ಲೇ ಕೇಳುತ್ತೇನೆ. ನಾನು ಹಾಸ್ಟೆಲ್ಲಿಗೆ ಹೋದ ವರ್ಷ, ನಮ್ಮ ಕೇರಿಯ ಹೆಂಗಸರ ಗುಂಪಿನೊಡನೆ ಅವ್ವ ಸಾಲಗುಂದದ ಕಡೆ ಭತ್ತದ ನಾಟಿಗೆ ಹೋಗಿದ್ದಳಂತೆ. ನಮ್ಮದು ಜೋಳದ ಸೀಮೆ. ಕಾಲುವೆಯ ಕೆಳಗಿನ ಕೆಸರಿನಲ್ಲಿ ನಿಂತು ಅಭ್ಯಾಸವಿಲ್ಲದ ಕಾಲು ಬಿರಿದು, ಬೆರಳ ಸಂದುಗಳು ಹುಣ್ಣಾದವಂತೆ. ನಾಟಿ ಮುಗಿದ ಮೇಲೆ ಬಸ್ಸು ಬದಲಿಸಲು ಮಸ್ಕಿಯಲ್ಲಿ ಇಳಿದವಳು ಪಾತ್ರೆ ಅಂಗಡಿಯ ಮುಂದೆ ನಿಂತಳು. ಆ ಅಂಗಡಿಯವನು ನಮ್ಮ ಕೇರಿಯವರು ಬಂದರೆ ಏನು ಬೇಕೆಂದು ಕೇಳುತ್ತಿರಲಿಲ್ಲ. ಮೂಲೆಯಲ್ಲಿದ್ದ ಹಳೇ ಸಾಮಾನಿನ ಗುಡ್ಡೆಯ ಕಡೆ ಕೈ ತೋರಿಸುತ್ತಿದ್ದ.

"ನನಗೂ ಹಂಗಽ ತೋರಿಸ್ದ. 'ಅಲ್ಲಿ ಅದಾವ ನೋಡು, ನಿನಗ ಸಾಕಾಗ್ತಾವ' ಅಂದ. ನಾ ಅಂದೆ, ಮ್ಯಾಲಿಂದು ತೆಗೀರಿ, ಹೊಸಾದು. ಅವ ನನ್ನ ಕಾಲು ನೋಡ್ದ. ಕೆಸರು ಇನ್ನೂ ಹೋಗಿದ್ದಿಲ್ಲ. ಮೊದಲು ರೊಕ್ಕ ತೋರ್ಸು ಅಂದ. ತೋರಿಸ್ದೆ. ಹೆಸರೂ ಹಾಕ್ರಿ ಅಂದೆ. ಎಲ್ಲಾರೂ ಹಾಕಸ್ತಿದ್ರು, ನಾ ಯಾಕ ಬಿಡ್ಲಿ?" ಅವ್ವ ಕೆಂಪು ನೀರು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಊರಿಗೆ ಬಂದು, ನಮ್ಮ ಕೇರಿಯವ್ರು ದಿನಾ ಹೋಗೋ ಹಿಂದಿನ ದಾರಿ ಬಿಟ್ಟೆ. ಊರ ಅಗಸಿ ಬಾಗಲಾಗ ಹಾಯ್ದು, ದೊಡ್ಡ ಓಣ್ಯಾಗ, ತಲಿಮ್ಯಾಲ ಇಟಗೊಂಡು ನಡದೆ. ಯಾರೂ ಏನೂ ಅನ್ನಲಿಲ್ಲ. ಎಲ್ಲಾರೂ ನೋಡಿದ್ರು."

ಇಷ್ಟು ಹೇಳಿ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ, ಸೋತವರೆಲ್ಲ ಹೇಳುವ ಮಾತನ್ನೇ ಹೇಳಿದೆ. "ನಾಳೀಗೆ ಹೋಗಿ ಹೊಸಾ ಕೊಡ ಕೊಡಸ್ತೀನಿ ಬೇ. ಇದಕ್ಕಿಂತ ಚಲೋದು."

"ನೀ ಕೊಡಿಸಿದ್ರ ಅದು ನೀ ಕೊಟ್ಟಿದ್ದಾಗ್ತದ," ಎಂದಳು ಅವ್ವ. "ಮಂದಿ ಕೊಟ್ಟಿದ್ದು ನನ್ನ ಹಂತ್ಯಾಕ ರಗಡ ಅದಾವ."

ಅವ್ವ ಸಿಟ್ಟಾಗಿ ಕೂಗಾಡುವವಳಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು, ನನ್ನ ಡಬ್ಬಿ ಕಟ್ಟಿದಳು, ಅಳಿಯನ ಜೊತೆ ಮಳೆ ಬೆಳೆ ಮಾತಾಡಿದಳು. ನನ್ನ ಜೊತೆ ಮಾತ್ರ ಬೇಕಾದ ಮಾತು ಬಿಟ್ಟರೆ ಬೇರೇನೂ ಇಲ್ಲ. ಮುಂಬಾಗಿಲಿನಿಂದ ಹೋಗಿ ಬರುವುದನ್ನೇ ಬಿಟ್ಟು ಹಿತ್ತಲ ಬಾಗಿಲು ಬಳಸತೊಡಗಿದಳು.

ಎರಡನೇ ದಿನ ನಾನು ಕನಕಾಂಬರವನ್ನು ಬೇರುಸಮೇತ ಕಿತ್ತು ಎಣ್ಣೆ ಡಬ್ಬಿಯೊಂದಕ್ಕೆ ಹಾಕಿದೆ. ಕೊಡವನ್ನು ಹಿತ್ತಲ ನಳದ ಕೆಳಗಿಟ್ಟು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಲು ಕೂತೆ. ನನ್ನ ಸಿದ್ಧಾಂತ ಮೊದಲ ಉಜ್ಜಿಗೇ ಹೋಯಿತು. ಕಪ್ಪು ಹೋದಲ್ಲೆಲ್ಲ ಅರಿಶಿನದ ಬಣ್ಣ. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಅಕ್ಷರಗಳು ಎದ್ದವು. ದುರಗಮ. ಅಂಗಡಿಯವನು ಮಕಾರಕ್ಕೆ ಒತ್ತು ಬಿಟ್ಟಿದ್ದ, ದುರುಗಮ್ಮನ ಕೊಂಬನ್ನೂ ನುಂಗಿದ್ದ. ಗಂಡನ ಹೆಸರಿಲ್ಲ, ಊರಿಲ್ಲ. ಅವ್ವನ ಹೆಸರು ಒಂದೇ. ಊರಿನವರ ಗಾಲಿಯ ಮೇಲೆ, ಬಾಗಿಲ ಮೇಲೆ ಯಾರ್ಯಾರದೋ ಗುರುತು ಹುಡುಕುತ್ತ ಅಲೆದವಳು, ಕೈಯಲ್ಲೇ ಇದ್ದ ಈ ಹೆಸರನ್ನು ಓದದೆ ತೂತು ಕೊರೆಸಿದ್ದೆ. ನಾನು ಅತ್ತೆನೇ ಎಂದು ಕೇಳಬೇಡಿ. ಹುಣಸೆ ನೀರು ಕಣ್ಣಿಗೆ ಸಿಡಿದಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಕೊಡವನ್ನು ಚೀಲದಲ್ಲಿ ಹಾಕಿಕೊಂಡು ಮಸ್ಕಿಯ ಪೇಟೆಯಲ್ಲಿ ಅಲೆದೆ. ಹಿತ್ತಾಳೆ ಕೊಡ ರಿಪೇರಿ ಮಾಡುವವರು ಈಗ ಯಾರಿದ್ದಾರೆ? ಒಬ್ಬರು ತೂಕಕ್ಕೆ ಹಾಕಿ ಎಂದರು. ಇನ್ನೊಬ್ಬರು, "ತೂತು ಇದ್ರ ಇರಲಿ, ಹೂವಿನ ಕುಂಡ ಮಾಡ್ರಿ ಮೇಡಂ, ಈಗ ಅದಽ ಫ್ಯಾಶನ್" ಎಂದರು. ನಾನು ಅವರಿಗೆ ಕೈಮುಗಿದು ಮುಂದೆ ಹೋದೆ. ಕೊನೆಗೆ ಕುಕ್ಕರು, ಗ್ಯಾಸಿನ ಒಲೆ ರಿಪೇರಿಯ ಒಂದು ಚಿಕ್ಕ ಅಂಗಡಿಯಲ್ಲಿ ಹುಸೇನಪ್ಪ ಸಿಕ್ಕರು. ಅರವತ್ತು ದಾಟಿದವರು. ಮೊದಲು ಮನೆಮನೆಗೆ ಹೋಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಂತೆ. ಕೊಡವನ್ನು ಬೆಳಕಿಗೆ ಹಿಡಿದು ಐದು ತೂತುಗಳ ಮೂಲಕವೂ ಒಂದೊಂದಾಗಿ ನನ್ನನ್ನು ನೋಡಿದರು.

"ಯಾವ ಪುಣ್ಯಾತ್ಮ ಮಾಡಿದ್ರೀ ಇದನ್ನ?"

"ನಾನಽ."

ಅವರು ಬೆರಳಿನಿಂದ ತಳವನ್ನು ತಟ್ಟಿ ಹೇಳಿದರು. "ಎರಡು ದಾರಿ ಅದಾವ. ತೂತಿಗೆ ತ್ಯಾಪಿ ಹಚ್ಚಿ ಬೆಸಿಬಹುದು, ಹಳೇ ತಳ ಉಳಿತೈತಿ, ಕಲಿ ಕಾಣಸ್ತಾವ. ಇಲ್ಲಂದ್ರ ಈ ತಳ ಪೂರಾ ಕೊಯ್ದು ಹೊಸಾ ತಗಡು ಕೂಡಸಬೇಕು. ಯಾವುದು ಮಾಡ್ಲಿ?"

"ತ್ಯಾಪಿ ಹಚ್ಚರಿ," ಎಂದೆ. ತೇಪೆ, ಕಲೆ, ಹಳೇ ತಳ! ಇದೇ ನನಗೆ ಇಷ್ಟವಾದ ಸಂಗತಿ.

"ಕೊಡ ನಿಮ್ಮದೇನು?" ಹುಸೇನಪ್ಪ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು.

"ನಮ್ಮವ್ವಂದು."

"ಹಂಗಾರ ಅವರನ್ನ ಕರಕೊಂಡು ಬರ್ರಿ. ಕೊಡ ಯಾರದೈತಿ ಅವ್ರು ಹೇಳ್ಬೇಕು."

ಕರೆಯುವುದು ಸುಲಭವಾಗಿರಲಿಲ್ಲ. ಅವತ್ತು ಸಂಜೆ ಅವ್ವ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತು ಮೊರದ ಕಡೆ ನೋಡುತ್ತ, "ಮಸ್ಕ್ಯಾಗ ಒಬ್ರು ರಿಪೇರಿ ಮಾಡ್ತೀನಂದಾರ. ನಿನ್ನ ಕೇಳದಽ ಮಾಡಂಗಿಲ್ಲಂತ. ನಾ ಕೇಳದಽ ಮಾಡಿದ್ದಕ್ಕ ಇಷ್ಟೆಲ್ಲ ಆಗೈತಿ. ತಪ್ಪಾತು ಬೇ," ಎಂದೆ. ನನ್ನ ಜೀವಮಾನದಲ್ಲಿ ತಪ್ಪಾಯಿತು ಎಂದು ಹೇಳಿದ್ದು ಕಡಿಮೆ; ಹೇಳಲು ಬರುವುದಿಲ್ಲವೆಂದಲ್ಲ, ಅಂಥ ಸಂದರ್ಭ ಬಂದಿಲ್ಲ ಎಂದೇ ತಿಳಿದಿದ್ದೆ.

ಅವ್ವ ಮೊರವನ್ನು ಎರಡು ಸಲ ಕೇರಿ ಕೇಳಿದಳು. "ಹಂಗಂದ್ನಾ ಅಂವ? ನನ್ನ ಕೇಳಬೇಕು ಅಂತ?"

"ಹೌದು."

"ನಾಳೀಗೆ ಎಷ್ಟೊತ್ತಿಗೆ ಬಸ್ಸು?"

ಹುಸೇನಪ್ಪ ಅವ್ವನಿಗೆ ಅಂಗಡಿಯೊಳಗಿನ ಸ್ಟೂಲು ಕೊಟ್ಟರು, ನನ್ನನ್ನು ಹೊರಗೆ ನಿಲ್ಲಿಸಿದರು. ಎರಡು ದಾರಿಯನ್ನೂ ಹೇಳಿದರು. ಅವ್ವ ತಡಮಾಡಲಿಲ್ಲ.

"ತ್ಯಾಪಿ ಬ್ಯಾಡ. ತ್ಯಾಪಿ ಹಚ್ಚಿದ್ದು ಭಾಳ ಉಟ್ಟೀನಿ. ಹೊಸಾ ತಳಾ ಹಾಕ್ರಿ."

"ಆತ್ರಿ ಯವ್ವಾ. ಮತ್ತ ಒಂದು ಮಾತು, ಬೈಬ್ಯಾಡ್ರಿ. ಇಲ್ಲಿ ಹೆಸರು ತಪ್ಪು ಹೊಡದಾರ. ಒತ್ತು ಬಿಟ್ಟಾರ."

ಅವ್ವ ನನ್ನ ಕಡೆ ತಿರುಗಿದಳು. ಕನ್ನಡ ಟೀಚರಾದ ನಾನು ಹೌದೆಂದು ತಲೆಯಾಡಿಸಿದೆ. ಆ ತಪ್ಪೇ ಅದರ ಚೆಂದ, ಹಾಗೇ ಇರಲಿ ಎಂದು ಹೇಳಲು ಬಾಯಿ ತೆರೆದಿದ್ದೆ. ಸದ್ಯ, ಅವ್ವ ಮೊದಲು ಮಾತಾಡಿದಳು.

"ಇಷ್ಟು ವರ್ಷ ಅರ್ಧಾ ಹೆಸರು ಹೊತ್ಗೊಂಡು ತಿರಗಿದ್ನೇನು? ನೆಟ್ಟಗ ಮಾಡ್ರಿ. ಏನೇನು ಬಿಟ್ಟಾನ ಎಲ್ಲಾ ಹಾಕ್ರಿ. ನೀ ಇಲ್ಲಿ ಬಾ, ಅಂವಗ ಬರದು ತೋರ್ಸು."

ಹಳೇ ರಸೀದಿಯೊಂದರ ಹಿಂದೆ ನಾನು ಅವ್ವನ ಹೆಸರನ್ನು ದುಂಡಗೆ ಬರೆದುಕೊಟ್ಟೆ. ಹುಸೇನಪ್ಪ ಪುಟ್ಟ ಉಳಿ, ಸುತ್ತಿಗೆ ಹಿಡಿದು ಕೂತರು. ಟಕ್ ಟಕ್ ಎನ್ನುವ ಒಂದೊಂದು ಪೆಟ್ಟನ್ನೂ ಅವ್ವ ಬಗ್ಗಿ ನೋಡಿದಳು. ವಾರದ ಮೇಲೆ ಮತ್ತೆ ಇಬ್ಬರೂ ಹೋದೆವು. ಹುಸೇನಪ್ಪ ಕೊಡದ ತುಂಬ ನೀರು ಹಾಕಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಹಾಗೇ ಬಿಟ್ಟು, ಕೆಳಗಿನ ಒಣ ನೆಲವನ್ನು ತೋರಿಸಿದರು. ಅವ್ವ ತಾನೇ ಕೈಯಿಟ್ಟು ನೋಡಿದಳು. ಆಮೇಲೆ ಆ ನೀರಿನಲ್ಲೇ ಒಂದು ಬೊಗಸೆ ಕುಡಿದು, "ಕುಡಿ," ಎಂದು ನನಗೂ ಹಾಕಿದಳು. ಹನ್ನೊಂದು ದಿನಗಳ ನಂತರ ನನ್ನ ಜೊತೆ ಅವಳು ಬೇಕಿಲ್ಲದೆ ಆಡಿದ ಮೊದಲ ಮಾತು ಅದು.

ಈಗ ಆ ಕೊಡ ನಮ್ಮ ಅಡುಗೆಮನೆಯಲ್ಲಿದೆ. ಫ್ರಿಜ್ಜಿನ ನೀರನ್ನು ಮನೆಯಲ್ಲಿ ಯಾರೂ ಕುಡಿಯುವಂತಿಲ್ಲ. ಅವ್ವ ಮತ್ತೆ ಮುಂಬಾಗಿಲಿನಿಂದ ಓಡಾಡತೊಡಗಿದಳು. ತೋಟದ ವಿಷಯದಲ್ಲಿ ಅವಳ ಅಭಿಪ್ರಾಯ ಬದಲಾಗಿದೆ ಎಂದು ನೀವು ತಿಳಿದರೆ ಅವ್ವ ನಿಮಗೆ ಗೊತ್ತಿಲ್ಲ ಎಂದರ್ಥ. "ನಿನಗ ಬೇಕಂದ್ರ ಇಟಗೋ," ಎನ್ನುವ ಮಟ್ಟಿಗೆ ಬಂದಿದ್ದಾಳೆ. ನಾನೂ ನನ್ನ ಮಾತಿನಿಂದ ಕದಲಿಲ್ಲ. ಹಳೆಯದನ್ನು ತಾನಾಗಿ ಆರಿಸಿ ತರುವವಳ ಖುಷಿ ಬೇರೆ, ಆರಿಸುವ ದಾರಿಯೇ ಇಲ್ಲದೆ ಹೊತ್ತವಳ ಬೇಸರ ಬೇರೆ. ಒಂದೇ ಮನೆಯಲ್ಲಿ ಎರಡಕ್ಕೂ ಜಾಗವಿದೆ.

ಮೊನ್ನೆ ಭಾನುವಾರ ಸಿಂಧನೂರಿಗೆ ಹೊರಟಾಗ ಅವ್ವ ತಾನೂ ಬರುತ್ತೇನೆಂದಳು. ನಾನು ಮೆಹಬೂಬ ಸಾಹೇಬರ ಹತ್ತಿರ ಒಂದು ಹಳೇ ಪಂಪಿನ ಹಿಡಿಕೆಗಾಗಿ ಮಾತಾಡುತ್ತಿರುವಷ್ಟರಲ್ಲಿ ಅವಳು ಎದುರಿನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಹೋಗಿ ನಿಂತಿದ್ದಳು. ನಾನು ಹೋಗುವಾಗ ವ್ಯಾಪಾರ ಮುಗಿದಿತ್ತು. ಪರ್ಸಿಗೆ ಕೈ ಹಾಕಿದೆ.

"ನಿಂದು ಒಳಗಿಡು. ನಂದು ಪೆನ್ಶನ್ ಐತಿ."

ಅವಳ ಕೈಯಲ್ಲಿದ್ದದ್ದು ಒಂದು ಹೂವಿನ ಕುಂಡ. ಗಿಣಿಹಸಿರು ಬಣ್ಣ. ಸುತ್ತ ಬಂಗಾರದ ಅಂಚು, ನಡುವೆ ಎರಡು ಗುಲಾಬಿ ಬಣ್ಣದ ಹಂಸ. ಸಿಂಧನೂರಿನ ಅಷ್ಟೂ ಬಿಸಿಲು ಅದರ ಮೇಲೆ ಬಿದ್ದು ಹೊಳೆಯುತ್ತಿತ್ತು. ನನ್ನ ತೋಟದ ತುಕ್ಕು, ಕಪ್ಪು, ಬಿರುಕುಗಳ ನಡುವೆ ಅದನ್ನು ಊಹಿಸಿಕೊಂಡು ನನ್ನ ಹಲ್ಲು ಜುಮ್ಮೆಂದವು.

"ಚಂದ ಐತಿಲ್ಲ?" ಎಂದಳು ಅವ್ವ.

"ಐತಿ," ಎಂದೆ.

ಮನೆಗೆ ಬಂದ ಮೇಲೆ ಅದನ್ನು ಬಾಗಿಲ ಚೌಕಟ್ಟಿನ ಮುಂದೆ, ನಟ್ಟನಡುವೆ ಇಡಲು ಹೇಳಿದಳು. ಎಣ್ಣೆ ಡಬ್ಬಿಯಲ್ಲಿದ್ದ ಕನಕಾಂಬರವನ್ನು ತಂದಳು. ನನಗೆ ತಿಳಿಯದಂತೆ ಅವಳೇ ದಿನಾ ನೀರು ಹಾಕುತ್ತಿದ್ದಳು, ಗಿಡ ಚಿಗುರಿತ್ತು. ಕುಂಡವನ್ನು ಬೋರಲು ಹಾಕಿ ನೋಡಿದಳು. ತಳದಲ್ಲಿ ತೂತಿರಲಿಲ್ಲ.

ಬೇರು, ನೀರು, ಕೊಳೆಯುವುದು, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂತು; ನುಂಗಿಕೊಂಡೆ.

ಅವ್ವ ಅಡುಗೆಮನೆಗೆ ಹೋಗಿ ಗ್ಯಾಸು ಹಚ್ಚಿ ಸ್ಕ್ರೂಡ್ರೈವರಿನ ತುದಿ ಕೆಂಪಗೆ ಕಾಯಿಸಿಕೊಂಡು ಬಂದಳು. ನಾನು ಕೈ ಚಾಚಿದೆ. ಕೊಡಲಿಲ್ಲ. ಮಂಡಿಯೂರಿ ಕೂತು, ತನ್ನ ಹೊಚ್ಚಹೊಸ ಕುಂಡವನ್ನು ತೊಡೆಗೆ ಒತ್ತಿ ಹಿಡಿದು, ತಾನೇ ಒಂದು ತೂತು ಹಾಕಿದಳು. ಇನ್ನೊಂದು ಹಾಕಿದಳು. ಮೂರನೆಯದನ್ನೂ ಹಾಕಿ, ಹೊಗೆಯನ್ನು ಊದಿ, 'ದೊಡ್ಡ ತೋಟಗಾರ್ತಿ' ಎನ್ನುವ ಹಾಗೆ ನನ್ನ ಮುಖ ನೋಡಿದಳು.

"ಮೂರು ಸಾಕಾಗ್ತಾವ," ಎಂದಳು. "ಐದು ಯಾಕ ಬೇಕಿತ್ತೇ ನಿನಗ?"